ಎಂಟು ಸೆಕೆಂಡಿನ ವಿಡಿಯೋ

ಮರೆಮ್ಮ ಕೂಸಿಗೆ ಹೊಡೆದಳೆಂಬ ಸುದ್ದಿ ಊರೆಲ್ಲ ಹಬ್ಬಿದ್ದು ನನ್ನ ಅಂಗಡಿಯಿಂದ. ಬೇರೆ ಯಾರಾದರೂ ಹಬ್ಬಿಸಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಜಗಳ ತೆಗೆಯುತ್ತಿದ್ದೆ. ಹಬ್ಬಿಸಿದವಳು ನಾನೇ. ಅಫ್ರೀನ, ಅಫಜಲಪುರ ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯವಳು. ಹದಿನೈದು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತು, ಅರ್ಜಿಯಲ್ಲಿ ಜನ್ಮದಿನಾಂಕ ತಪ್ಪು ಬರೆದವರನ್ನೆಲ್ಲ ಬೈಯುತ್ತ ಬಂದವಳು.

ಸೊನ್ನದ ಕಡೆಗಿರುವ ನಮ್ಮೂರಿನಲ್ಲಿ ಮಹಿಳಾ ಸಂಘದವರು ಕೂಸುಗಳಿಗಾಗಿ ಒಂದು ಕೋಣೆ ನಡೆಸುತ್ತಾರೆ. ತೊಗರಿ ಹೊಲಕ್ಕೆ, ಕಬ್ಬಿನ ಗದ್ದೆಗೆ ದುಡಿಯಲು ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ನೋಡಿಕೊಳ್ಳುವವಳು ಮರೆಮ್ಮ. ಐವತ್ತೈದರ ಹೆಂಗಸು, ಮೊಣಕಾಲು ನೋವು, ಮಾತು ಕಡಿಮೆ. ಗೋಡೆಗೊಂದು ಕ್ಯಾಮೆರಾ ಇದೆ. ಅದನ್ನು ಕೂಡಿಸಿದವನು ಚಿತ್ರದ ಮೇಲೆ ಸಮಯ ಮೂಡುವಂತೆ ಮಾಡದೆ ಹೋಗಿಬಿಟ್ಟಿದ್ದ.

ಒಂದು ಸಂಜೆ ಅತಿಥಿ ಶಿಕ್ಷಕಿ ಜಯಮಾಲಾಳ ಒಂದೂವರೆ ವರ್ಷದ ಮಗಳ ಬಲಗೆನ್ನೆ ಕೆಂಪಾಗಿತ್ತು. ಏನಾಯಿತು ಎಂದು ಕೇಳಿದರೆ ಮರೆಮ್ಮ, "ಗೊತ್ತಿಲ್ಲವ್ವ" ಅಂದಳಂತೆ. ಜಯಮಾಲಾಳಿಗೆ ಸಮಾಧಾನವಾಗಲಿಲ್ಲ. ತಾಯಿಗೆ ಆಗುವುದೂ ಇಲ್ಲ. ಸಂಘದ ಅಧ್ಯಕ್ಷೆ ಗುರಮ್ಮ ಮರುದಿನ ಆ ದಿನ ಮೂರರಿಂದ ನಾಲ್ಕರವರೆಗಿನ ರೆಕಾರ್ಡಿಂಗನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ನನ್ನ ಹತ್ತಿರ ಬಂದಳು. ಅದು ಕ್ಯಾಮೆರಾ ಕಂಪನಿಯದೇ ನಮೂನೆಯ ಫೈಲು, ಮೊಬೈಲಿನಲ್ಲಿ ತೆರೆಯುತ್ತಿರಲಿಲ್ಲ. ನಾನು ನಾಲ್ಕು ಕ್ಲಿಕ್ಕಿನಲ್ಲಿ ಅದನ್ನು ಮಾಮೂಲಿ ವಿಡಿಯೋ ಮಾಡಿದೆ, ಬೇಕಾದ ಎಂಟು ಸೆಕೆಂಡು ಕತ್ತರಿಸಿ ಜಯಮಾಲಾಳ ಮೊಬೈಲಿಗೆ ಕಳಿಸಿದೆ.

ಆ ಎಂಟು ಸೆಕೆಂಡಿನಲ್ಲಿ ಮರೆಮ್ಮ ಮೂಲೆಯಿಂದ ದಡದಡ ಬರುತ್ತಾಳೆ, ಕೂತಿದ್ದ ಕೂಸಿನ ಎರಡೂ ಗಲ್ಲಕ್ಕೆ ಪಟ್ಟನೆ ಬಾರಿಸುತ್ತಾಳೆ, ಸಿಟ್ಟು ತಡೆಯಲಾರದೆ ತನ್ನ ತಲೆಗೂ ಬಡಿದುಕೊಳ್ಳುತ್ತಾಳೆ. ದನಿ ಇಲ್ಲ. ದನಿ ಬೇಕಾಗಿಯೂ ಇರಲಿಲ್ಲ.

ಸಂಜೆಯೊಳಗೆ ಅದು ಎಲ್ಲರ ಮೊಬೈಲಿನಲ್ಲಿತ್ತು. ಮರೆಮ್ಮನಿಗೆ ಕೆಲಸಕ್ಕೆ ಬರಬೇಡ ಎಂದು ಹೇಳಿ ಕಳಿಸಿದರು. ಸೋಮವಾರ ಸಭೆ, ಅವಳನ್ನು ತೆಗೆಯುವುದೋ ಇಟ್ಟುಕೊಳ್ಳುವುದೋ ಅಲ್ಲೇ ತೀರ್ಮಾನ. ಕೆಲವರಿಗೆ ಏಟಿಗಿಂತ, ಏಟು ಕೊಟ್ಟ ಕೈ ಯಾವ ಓಣಿಯದು ಎನ್ನುವುದೇ ದೊಡ್ಡದಾಗಿತ್ತು. ಅಂಥವರ ಮಾತಿಗೆ ನಾನು ಹೂಂ ಅನ್ನಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡು ಕೇಳಿದೆ. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ. ಮರೆಮ್ಮ ಮಾತ್ರ ಹೊಡೆದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಭಾನುವಾರ ಗುರಮ್ಮನ ಫೋನು ಬಂತು. "ಅಫ್ರೀನ, ನಾಳಿ ನಿನ್ನ ಲ್ಯಾಪ್‌ಟಾಪ್ ತಗೊಂಡು ಬಾರವ್ವ. ಆ ಕೂಸು ಮದ್ಲ ಅಳತಿತ್ತೋ ಏನೋ, ಹಿಂದಿಂದೂ ತೋರ್ಸು. ಒಬ್ಬರ ಅನ್ನ ಕಸಗೊಳ್ಳೂ ಮುಂದ ಪೂರಾ ನೋಡಬೇಕು."

ಹಾಗಾಗಿ ಇಡೀ ಫೈಲನ್ನು ಪ್ಲೇಯರಿನಲ್ಲಿ ಹಾಕಿಕೊಂಡು ಕೂತೆ. ಮೂರರಿಂದ ನಾಲ್ಕರವರೆಗಿನ ರೆಕಾರ್ಡಿಂಗು ಅರ್ಧ ತಾಸಿಗೇ ಮುಗಿದುಹೋಯಿತು. ನಡುವೆ ಎಲ್ಲೋ ಹಾರಿರಬೇಕು ಎಂದುಕೊಂಡೆ. ಎಲ್ಲಿಯೂ ಹಾರಿರಲಿಲ್ಲ. ಪ್ಲೇಯರಿನದೇ ತಪ್ಪೆಂದು ಅದನ್ನು ತೆಗೆದು ಮತ್ತೆ ಹಾಕಿದೆ. ವೇಗದ ಗುಂಡಿ ನೋಡಿದೆ, ಒಂದರಲ್ಲೇ ಇತ್ತು. ಬೇರೆ ಪ್ಲೇಯರಿನಲ್ಲಿ ಹಾಕಿದೆ, ಬೇರೆ ಕಂಪ್ಯೂಟರಿನಲ್ಲಿ ಹಾಕಿದೆ. ಎಲ್ಲ ಕಡೆಯೂ ಅಷ್ಟೇ ಅರ್ಧ ತಾಸು. ಕಂಪ್ಯೂಟರಿಗೆ ಎರಡು ಬೈಗುಳ ಬೈದು ಚಹಾ ಕುಡಿದೆ. ಕೊನೆಗೆ ಕ್ಯಾಮೆರಾ ಕಂಪನಿಯ ಸಾಫ್ಟ್‌ವೇರನ್ನೇ ಇಳಿಸಿಕೊಂಡು ಮೂಲ ಫೈಲನ್ನು ಅದರಲ್ಲಿ ತೆರೆದೆ. ಬರೋಬ್ಬರಿ ಒಂದು ತಾಸು.

ಆಗ ನನ್ನ ತಲೆಗೆ ಹೊಳೆಯಿತು. ಜಾಗ ಉಳಿಸಲೆಂದು ಆ ಕ್ಯಾಮೆರಾಕ್ಕೆ ಸೆಕೆಂಡಿಗೆ ಹನ್ನೆರಡೂವರೆ ಚಿತ್ರ ಹಿಡಿಯುವಂತೆ ಹೇಳಿಟ್ಟಿದ್ದರು. ನನ್ನ ಕನ್ವರ್ಟರಿಗೆ ಅದು ತಿಳಿಯದೆ, ತನ್ನ ರೂಢಿಯಂತೆ ಸೆಕೆಂಡಿಗೆ ಇಪ್ಪತ್ತೈದು ಲೆಕ್ಕ ಹಿಡಿದು ಎಲ್ಲವನ್ನೂ ಎರಡು ಪಟ್ಟು ವೇಗದಲ್ಲಿ ಓಡಿಸಿತ್ತು. ಅದು ಕೇಳಿತ್ತು ಕೂಡ, ಒಂದು ಚೌಕದಲ್ಲಿ ಆಯ್ಕೆ ಇತ್ತು. ನಾನು ಓದದೆ 'ಮುಂದೆ' ಗುಂಡಿ ಒತ್ತಿದ್ದೆ. ಹೀಗೆ ಓದದೆ ಒತ್ತುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪ್ಲೇಯರಿನ ವೇಗವನ್ನು ಅರ್ಧಕ್ಕಿಳಿಸಿ ಆ ತುಣುಕನ್ನು ನೋಡಿದೆ. ಮರೆಮ್ಮ ಒಂದು ಕಾಲು ಎಳೆಯುತ್ತ ಸಾವಕಾಶ ಬಂದಳು. ಬಾಗಿದಳು. ಎರಡೂ ಅಂಗೈಯನ್ನು ಕೂಸಿನ ಗಲ್ಲಕ್ಕಿಟ್ಟು ಕೆಳಗೆ ಸವರಿದಳು. ಕೈ ಹಿಂದೆ ತಂದು ಬೆರಳು ಮಡಚಿ ತನ್ನ ತಲೆಯ ಎರಡೂ ಬದಿಗೊತ್ತಿ ಲಟಿಗೆ ಮುರಿದಳು. ದೃಷ್ಟಿ ತೆಗೆದದ್ದು. ನಮ್ಮಜ್ಜಿ ಖಾಸೀಂಬಿ ನನಗೆ ದಿನಾ ತೆಗೆಯುತ್ತಿದ್ದಳು. ಈ ಕಡೆ ಮುದುಕಿಯರು ಚಂದದ ಕೂಸು ಕಂಡರೆ ಹಾಗೆ ಮಾಡದೆ ಮುಂದೆ ಹೋಗುವುದಿಲ್ಲ. ನಾನು ಅಂಗಡಿಯ ಶಟರ್ ಅರ್ಧ ಎಳೆದು ಒಬ್ಬಳೇ ಕೂತು ಅತ್ತೆ.

ಸೋಮವಾರ ಬೆಳಿಗ್ಗೆ ಆ ಕೋಣೆಯಲ್ಲೇ ಸಭೆ. ಹತ್ತಿಪ್ಪತ್ತು ಹೆಂಗಸರು, ಜೊತೆಗೆ ಜಯಮಾಲಾಳ ಮೈದುನ ಸಿದ್ದಲಿಂಗ. ಬಾಗಿಲ ಹತ್ತಿರ ಸೆರಗು ಹೊದ್ದು ಮರೆಮ್ಮ. ಎಲ್ಲರೆದುರು ನನ್ನ ತಪ್ಪು ಹೇಳಿಕೊಂಡೆ, ನಿಧಾನ ಮಾಡಿದ ವಿಡಿಯೋ ತೋರಿಸಿದೆ.

ಸಿದ್ದಲಿಂಗ ಕೆಮ್ಮಿದ. "ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಯಾವುದನ್ನ ಹಿಂಗ ಮೆಲ್ಲಗ ಓಡ್ಸಿದ್ರೂ ಮುದ್ದು ಮಾಡಿದಂಗ ಕಾಣತದ. ಕ್ರಿಕೆಟ್‌ನಾಗ ಸಿಕ್ಸರ್ ಹೊಡದದ್ದೂ ಬಾಲ್ ಸವರಿದಂಗ ಕಾಣತದ. ಇದರಾಗ ಖರೇ ಯಾವುದು ಅಂತ ಹ್ಯಾಂಗ ಹೇಳೂದ್ರಿ?"

"ಹನ್ನೆರಡೂವರಿ ಚಿತ್ರ ಅಂತ ಹೇಳ್ದೆನಲ್ಲ," ಅಂದೆ.

"ಅದು ನಿಮಗ ತಿಳೀತದ. ಮೊನ್ನಿ ಆ ಜಲ್ದಿದೂ ಖರೇ ಅಂತ ನೀವೇ ಕೊಟ್ರಿ."

ಅವನ ಮೇಲೆ ಸಿಟ್ಟು ಬಂತು, ಆದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಮರೆಮ್ಮ ನೆಲ ನೋಡುತ್ತಿದ್ದಳು.

ಗುರಮ್ಮ ಕನ್ನಡಕ ಒರೆಸಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಆರು ಮಕ್ಕಳನ್ನು, ಒಂಬತ್ತು ಮೊಮ್ಮಕ್ಕಳನ್ನು ತೂಗಿದವಳು. "ಮದ್ಲಿನದು ಹಚ್ಚು. ಜಲ್ದಿದು."

ಹಚ್ಚಿದೆ.

"ಮೂಲ್ಯಾಗ ತೊಟ್ಟಿಲಾ ನೋಡ್ರಿ. ಮರೆಮ್ಮ ತೂಗಿ ಬಿಟ್ಟು ಬಂದಾಳ. ಯಾರೂ ಮುಟ್ಟವಲ್ರು, ತಾನ ತೂಗಾಕತ್ತದ. ಹಿಂಗ ತೂಗತದೇನು ತೊಟ್ಟಿಲ?"

ಎಲ್ಲರೂ ಮರೆಮ್ಮನ ಕೈ ನೋಡಿದ್ದೆವು, ಕೂಸಿನ ಗಲ್ಲ ನೋಡಿದ್ದೆವು. ಮೂಲೆಯ ಸೀರೆ ತೊಟ್ಟಿಲನ್ನು ಯಾರೂ ನೋಡಿರಲಿಲ್ಲ. ಅದು ಹುಚ್ಚು ಹಿಡಿದಂತೆ ಆ ಕಡೆ ಈ ಕಡೆ ಹಾಯುತ್ತಿತ್ತು. ಅದೇ ತೊಟ್ಟಿಲು ನಮ್ಮ ಹಿಂದೆ ಅದೇ ಕೊಂಡಿಗೆ ತೂಗುಹಾಕಿತ್ತು, ಒಳಗೆ ಯಾರದೋ ಕೂಸು ಮಲಗಿತ್ತು. ಗುರಮ್ಮ ಹೋಗಿ ಅದನ್ನು ಒಮ್ಮೆ ನೂಕಿ ಕೈ ಬಿಟ್ಟಳು. ಅದು ಒಂದು ಸಲ ಹೋಗಿ ಬರುವಷ್ಟರಲ್ಲಿ ಪರದೆಯ ತೊಟ್ಟಿಲು ಎರಡು ಸಲ ಹೋಗಿ ಬಂತು.

"ಜೋರಾಗಿ ನೂಕಿರಬೇಕು," ಎಂದ ಸಿದ್ದಲಿಂಗ.

"ನೀನೇ ನೂಕಿ ನೋಡಪ್ಪ."

ಅವನು ಎದ್ದು, ಕೂಸು ಏಳದ ಹಾಗೆ ನೋಡಿಕೊಂಡು, ತುಸು ಜೋರಾಗಿ ನೂಕಿದ. ತೊಟ್ಟಿಲು ದೂರ ಹೋಯಿತು, ಆದರೆ ತನ್ನ ಹೊತ್ತಿಗೇ ತಿರುಗಿ ಬಂತು. ಇನ್ನೊಮ್ಮೆ ನೂಕಿದ. ಮತ್ತೆ ಅಷ್ಟೇ ಹೊತ್ತು. ಅವನು ಕೈ ಹಿಂದೆ ಕಟ್ಟಿಕೊಂಡ. ನಾನು ವೇಗವನ್ನು ಅರ್ಧ ಮಾಡಿದೆ. ಈಗ ಪರದೆಯದೂ ಕೋಣೆಯದೂ ಒಟ್ಟಿಗೆ ಹೋಗಿ ಒಟ್ಟಿಗೆ ಬಂದವು. ಕೂತ ಹೆಂಗಸರ ತಲೆಗಳೂ ಸಣ್ಣಗೆ ಹೋಗಿ ಬಂದವು. ತೊಟ್ಟಿಲ ವಿಷಯದಲ್ಲಿ ಅವರಿಗೆ ಯಾರೂ ಸುಳ್ಳು ಹೇಳುವಂತಿರಲಿಲ್ಲ.

"ಖರೇ ಅದ," ಎಂದ ಸಿದ್ದಲಿಂಗ ಮೆಲ್ಲಗೆ, ಹೋಗಿ ಕೂತ.

"ಹಂಗಿದ್ರ ಆ ಗಲ್ಲ ಯಾಕ ಕೆಂಪಾಗಿತ್ತು?" ಎಂದು ಯಾರೋ ಕೇಳಿದರು.

ಉತ್ತರ ಕೊಟ್ಟವಳು ಜಯಮಾಲಾಳೇ. "ಒಂದೇ ಗಲ್ಲ ಕೆಂಪಿತ್ತು. ಗೆರಿ ಗೆರಿ ಇದ್ವು. ಬೆರಳು ಮೂಡ್ಯಾವ ಅನ್ಕೊಂಡಿದ್ದೆ. ನಿನ್ನಿ ಮನ್ಯಾಗ ಚಾಪಿ ಮ್ಯಾಲ ಮಲಗಿ ಎದ್ದಾಗೂ ಹಂಗೇ ಇದ್ವು. ನೋಡಿ ಸುಮ್ಮನಿದ್ದೆ." ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಿನ್ನೆ ಸುಮ್ಮನಿದ್ದವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಇವತ್ತು ಹೇಳಿದಳಲ್ಲ.

ಮರೆಮ್ಮ ಎದ್ದು ಬಂದು ಪರದೆಯ ಮುಂದೆ ನಿಂತಳು. "ಇನ್ನೊಮ್ಮಿ ಹಚ್ಚವ್ವ," ಅಂದಳು. ಹಚ್ಚಿದೆ. ತನ್ನ ಕೈ ಕೂಸಿನ ಗಲ್ಲ ಸವರುವುದನ್ನು ಪೂರ್ತಿ ನೋಡಿದಳು.

"ಹಂಗಾದ್ರ ನಾ ಹೊಡಿಲಿಲ್ಲ," ಅಂದಳು.

"ಇಲ್ಲವ್ವ. ನಿನಗ ಗೊತ್ತಿರಲಿಲ್ಲೇನು?" ಎಂದು ಕೇಳಿದೆ.

"ಹೊಡದ ನೆಪ್ಪು ಇರಲಿಲ್ಲ. ಆದ್ರ ಮೊಬೈಲ್ನಾಗ ನನ್ನ ಕಣ್ಲೇ ನೋಡಿದೆ. ಎಲ್ಲಾರೂ ನೋಡಿದ್ರು. ಹೊಡದೇ ಇರಬೇಕು, ವಯಸ್ಸಾಯ್ತು, ತಲಿ ಕೆಟ್ಟದ ಅನ್ಕೊಂಡೆ. ನಾಕು ದಿವಸ ನನ್ನ ಮೊಮ್ಮಗನ್ನೂ ಮುಟ್ಟಿಲ್ಲ."

ಗುರಮ್ಮ ಮೂಗು ಒರೆಸಿಕೊಂಡು, ನಾಳೆಯಿಂದಲ್ಲ, ಈಗಿಂದಲೇ ಕೆಲಸಕ್ಕೆ ನಿಲ್ಲು ಅಂದಳು. ನಾನು ತಪ್ಪಾಯಿತೆಂದು ಮರೆಮ್ಮನ ಕೈ ಹಿಡಿದೆ, ಅವಳು ಇರಲಿ ಬಿಡವ್ವ ಅಂದಳು. ಜಯಮಾಲಾ ಮಗಳನ್ನೆತ್ತಿಕೊಂಡು ಬಂದು ಅವಳ ಮುಂದೆ ಹಿಡಿದಳು. ಕೂಸು ನಗುತ್ತ ಎರಡೂ ಕೈ ಚಾಚಿತು.

ಮರೆಮ್ಮನ ಕೈ ಎದ್ದವು, ಅರ್ಧಕ್ಕೇ ನಿಂತವು. ತಲೆಯೆತ್ತಿ ಗೋಡೆಯ ಮೇಲಿನ ಕ್ಯಾಮೆರಾ ನೋಡಿದಳು, ಆಮೇಲೆ ನನ್ನನ್ನು.

"ಎಷ್ಟು ಸಾವಕಾಶ ಎತ್ಕೋಬೇಕವ್ವ?" ಎಂದು ಕೇಳಿದಳು.