ಮಧುಕರ ಕಾಕಾನ ನಿದ್ದೆ

ಸಂಭಾಜಿನಗರದಿಂದ ಪಿಂಪಳಗಾಂವ್ ಬಸವಂತ್ ಊರಿನ ದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ಬಂದು ಇಳಿಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಅಲ್ಲಿ ತಂಪು ಕಾಯುವ ಸಾಫ್ಟ್‌ವೇರ್ ನಮ್ಮ ಕಂಪನಿಯದು. ಹೊಸ ಕಂಪ್ಯೂಟರ್ ಬಂದಮೇಲೆ ಅದು ಆಗಾಗ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ಹೋದ ವಾರ ಹಾಗಾದಾಗ ಅಲಾರಂ ಕೂಗದೆ ಒಂದು ಕೋಣೆ ದ್ರಾಕ್ಷಿ ಮೆತ್ತಗಾಯಿತು. ಆಪರೇಟರ್ ಮಧುಕರ ಕಾಕಾ ಡ್ಯೂಟಿಯಲ್ಲಿ ಮಲಗಿ ಏನೋ ಒತ್ತಿದ್ದಾನೆ, ಈ ತಿಂಗಳಿಗೇ ಮನೆಗೆ ಹೋಗಲಿ ಅಂದರು ಸ್ಟೋರೇಜಿನ ಮಾಲೀಕ ಶೇಠರು.

ಬೀದರ ಕಡೆಯ ಕಾಕಾ ಕೀಬೋರ್ಡಿಗೆ ಟವೆಲ್ ಹೊದಿಸಿ, ಕೈಕಟ್ಟಿ ಕೂತಿದ್ದರು. ಕಣ್ಣು ಕೆಂಪಗಿದ್ದವು.

“ನನ್ನ ಕೈನೇ ತಾಗಿರಬೇಕ್ರಿ ರೂಪಾ ಮೇಡಂ. ಈಗ ಮನ್ಯಾಗೂ ಕಣ್ಣ ಮುಚ್ಚಾಕ ಅಂಜಿಕಿ ಬರ್ತದ.”

ಅವರು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದಕ್ಕೆ ನನಗೆ ಸಿಟ್ಟೇ ಬಂತು. ಲ್ಯಾಪ್‌ಟಾಪ್ ತೆರೆದು ಕೂತೆ.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಪ್ರೋಗ್ರಾಂ ಕಟ್ಟುವಾಗ, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ಕೊಡುವ ಸೂಚನೆಗಳಲ್ಲಿ ಯಾರೋ ಎಂದೋ ಒಂದು ಪದ ಸೇರಿಸಿದ್ದರು: ಆಗಿನ ಪ್ರೊಸೆಸರಿಗೆ ತಕ್ಕಂತೆ ಕಟ್ಟು, ಬೇಗ ಓಡಲಿ ಅಂತ. ಆ ಪ್ರೊಸೆಸರಿನ ಕೆಲವು ಆಜ್ಞೆಗಳು ಹೊಸ ಕಂಪ್ಯೂಟರಿನ ಅಗ್ಗದ ಪ್ರೊಸೆಸರಿಗೆ ಗೊತ್ತೇ ಇಲ್ಲ. ಬಿಸಿ ಏರಿ ಅಲಾರಂ ಲೆಕ್ಕ ಹಾಕುವಾಗಲೇ ಅಂಥದೊಂದು ಎದುರಾಗಿ ಪ್ರೋಗ್ರಾಂ ಸಾಯುತ್ತಿತ್ತು. ನಮ್ಮ ಆಫೀಸಿನಲ್ಲಿ ದಸರೆಗೆ ಕಂಪ್ಯೂಟರುಗಳಿಗೆಲ್ಲ ಕುಂಕುಮ ಹಚ್ಚಿ ಕೈಮುಗಿಯುತ್ತಾರೆ. ಆ ಸೂಚನೆಗಳ ಸಾಲನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಪದ ತೆಗೆದು ಮತ್ತೆ ಕಟ್ಟಿದೆ. ಕೋಣೆಯ ಬಿಸಿ ಅಳೆಯುವ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿದೆ. ಅಲಾರಂ ಕಿವಿ ಕಿತ್ತುಹೋಗುವಂತೆ ಕೂಗಿತು.

ನಮ್ಮ ಬಾಸ್ ಕೃಷ್ಣರಾಜರಿಗೆ ಫೋನ್ ಮಾಡಿದೆ. “ಅಪ್‌ಡೇಟ್ ಮಾಡೀವಿ ಅಂತ ಹೇಳ್ರಿ, ಸಾಕು. ತಪ್ಪು ನಮ್ದು ಅಂದ್ರ ಆ ದ್ರಾಕ್ಷಿ ಲುಕ್ಸಾನು ನಮ್ಮ ತಲಿಗೇ ಕಟ್ತಾರ” ಅಂದರು.

ವಾದ ಮಾಡಲು ತ್ರಾಣವಿರಲಿಲ್ಲ. ಫೋನ್ ಇಟ್ಟು ಸೀದಾ ಶೇಠರ ಕ್ಯಾಬಿನ್ನಿಗೆ ಹೋಗಿ, ತಪ್ಪು ನಮ್ಮ ಪ್ರೋಗ್ರಾಮಿನದು, ಕಾಕಾನದಲ್ಲ ಎಂದು ಮರಾಠಿಯಲ್ಲಿ ಹೇಳಿದೆ. ಬರೆದುಕೊಡು ಅಂದರು. ಬರೆದುಕೊಟ್ಟೆ. ನನ್ನ ನೌಕರಿಯ ಗತಿ ಏನೋ, ನಾಳೆ ನೋಡಿದರಾಯಿತು.

ವಾಪಸು ಬಂದು ಹೇಳಿದೆ: “ಕಾಕಾ, ನೀವು ಏನೂ ಒತ್ತಿಲ್ರಿ. ಶೇಠರಿಗೂ ಹೇಳೀನಿ.”

“ಖರೇನ? ನಾ ಮಲಗಿರಲಿಲ್ಲೇನ್ರಿ?”

“ಇಲ್ರಿ ಕಾಕಾ.”

ಅವರು ಕೀಬೋರ್ಡಿನ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ನಾನು ಬ್ಯಾಗು ಕಟ್ಟಿ ತಿರುಗುವಷ್ಟರಲ್ಲಿ ಕುರ್ಚಿಯಲ್ಲೇ ತಲೆ ವಾಲಿಸಿ ಗೊರಕೆ ಹೊಡೆಯುತ್ತಿದ್ದರು. ಹೊರಗೆ ಶೇಠರ ಚಪ್ಪಲಿ ಸಪ್ಪಳ ಕೇಳಿಸಿತು. ನಾನು ಬ್ಯಾಗು ಕೆಳಗಿಟ್ಟು, ಬಾಗಿಲು ಮುಂದಕ್ಕೆಳೆದು, ಕಾಕಾನ ಬದಲು ಪರದೆಯ ಎದುರು ತಂಪು ಕಾಯುತ್ತ ಕೂತೆ.