ಅರ್ಧಕ್ಕೆ ನಿಲ್ಲುತ್ತಿದ್ದ ದನಿ

ಕರ್ನಾಟಕದ ಗಡಿಗೆ ಹತ್ತಿದ ಕಂಗ್ಟಿಯಿಂದ ಮೂರು ಮೈಲು ಒಳಗೆ ನಮ್ಮ ಊರು. ಊರ ಹೆಂಗಸರ ಸಂಘಕ್ಕೆ ಮಣ್ಣಿನ ಗೋಡೆಯ ಒಂದು ಕೋಣೆ ಇದೆ. ಅದಕ್ಕೆ ಬೀಜದ ಕೋಣೆ ಅನ್ನುತ್ತೇವೆ. ಬಿದಿರಿನಿಂದ ಹೆಣೆದು ಸಗಣಿ ಮೆತ್ತಿದ ದೊಡ್ಡ ಗುಮ್ಮಿಗಳಲ್ಲಿ ಬೀಜ ತುಂಬಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಬಾಯಿ ಮುಚ್ಚಿ ಇಡುತ್ತೇವೆ. ಬಿತ್ತನೆಗೆ ಒಂದು ಸೇರು ಒಯ್ದವರು ಸುಗ್ಗಿಯಾದ ಮೇಲೆ ಎರಡು ಸೇರು ತಂದು ಹಾಕಬೇಕು. ಈ ಬೀಜವನ್ನು ಯಾರೂ ಮಾರುವುದಿಲ್ಲ, ಕೊಂಡವರೂ ಇಲ್ಲ.

ಆ ಕೋಣೆಯನ್ನು ನಲವತ್ತು ವರ್ಷ ನೋಡಿಕೊಂಡವಳು ಶರಣಬಸಮ್ಮ. ನನ್ನ ವಾರಿಗೆಯವಳು. ತೆಲಂಗಾಣ ಬೇಕೆಂದು ಎಲ್ಲ ಕಡೆ ಮುಷ್ಕರ ನಡೆದ ವರ್ಷ, ಬೇಸಿಗೆಯಲ್ಲಿ ತೀರಿಕೊಂಡಳು. ಆಮೇಲೆ ಕೋಣೆಯ ಹೊಣೆ ಅವಳ ಮಗಳು ಅಂಜಮ್ಮನಿಗೆ ಬಂತು.

ಶರಣಬಸಮ್ಮ ಸಾಯುವ ಮುಂಚೆ ಸಂಘದವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಸಂಘಕ್ಕೆ ಯಾರೋ ದಾನವಾಗಿ ಕೊಟ್ಟ ಕಂಪ್ಯೂಟರು ಇತ್ತು, ಅದಕ್ಕೆ ಬೇಕಾದ ಪ್ರೋಗ್ರಾಮುಗಳನ್ನು ನಾರಾಯಣಖೇಡದ ಅಂಗಡಿಯವನೊಬ್ಬ ಹಾಕಿಕೊಟ್ಟಿದ್ದ. ಸಂಘದಲ್ಲಿ ಕೆಲಸಕ್ಕಿದ್ದ ಮೃಣಾಲಿನಿ ಅನ್ನುವ ಹುಡುಗಿ ಮೈಕು ಹಿಡಿದು, ಬೀಜದ ವಿಷಯ ಮುದುಕಿ ಹೇಳಿದ್ದನ್ನೆಲ್ಲ ಅದರೊಳಗೆ ತುಂಬಿಸಿದಳು. ಆ ಹುಡುಗಿ ಮದುವೆಯಾಗಿ ಲಾತೂರಿಗೆ ಹೋದಳು. ಮಷಿನ್ನಿನಲ್ಲಿ ಎಲ್ಲ ಇದೆಯಲ್ಲ ಎಂದು ನಾವು ನೆಮ್ಮದಿಯಾಗಿದ್ದೆವು. ಯಾರೂ ಬಾಯಿಂದ ಕೇಳಿ ಕಲಿಯಲಿಲ್ಲ, ಆ ಹುಡುಗಿ ಹೋದ ಮೇಲೆ ಮಷಿನ್ನು ನಡೆಸುವವರೂ ಇರಲಿಲ್ಲ.

ಆ ಮಳೆಗಾಲ ಕೋಣೆಯ ಮಾಡು ಸೋರಿತು. ಗುಮ್ಮಿಗಳ ಮೇಲೆ ಶರಣಬಸಮ್ಮ ಇಟ್ಟಿದ್ದ ಸುಣ್ಣದ ಗುರುತುಗಳು ತೊಳೆದು ಹೋದವು. ಉಳಿದ ಬೀಜವನ್ನು ಅಂಜಮ್ಮ ಕಣ್ಣಿಂದಲೇ ಗುರುತು ಹಿಡಿದಳು. ಎರಡು ಗುಮ್ಮಿ ಮಾತ್ರ ಗೊತ್ತಾಗಲಿಲ್ಲ. ಎರಡರಲ್ಲೂ ಹಿಂಗಾರಿ ಬಿಳಿಜೋಳ. ಒಂದು ಕಪ್ಪು ಎರಿ ಹೊಲದ್ದು, ಒಂದು ತೆಳು ಕೆಂಪು ಮಣ್ಣಿನ ಮಸಾರಿ ಹೊಲದ್ದು. ಎರಿಯ ಬೀಜವನ್ನು ಮಸಾರಿಗೆ ಹಾಕಿದರೆ ಕಾಳು ಕಟ್ಟುವ ಮೊದಲೇ ಒಣಗುತ್ತದೆ. ನಾಲ್ಕು ಊರಿನ ನಲವತ್ತು ಮನೆಯವರು ಬೀಜಕ್ಕೆ ಬರುವವರಿದ್ದರು. ತಪ್ಪು ಕೊಟ್ಟರೆ ಒಂದು ವರ್ಷದ ರೊಟ್ಟಿ ಹೋಯಿತು, ಮುಂದಿನ ವರ್ಷದ ಬೀಜವೂ ಹೋಯಿತು.

ಆಗ ಪಿತೃಪಕ್ಷ. ಮುಷ್ಕರ ಶುರುವಾಗಿತ್ತು. ಬಸ್ಸಿಲ್ಲ, ಸಾಲೆಯಿಲ್ಲ, ಕಚೇರಿಯಿಲ್ಲ. ನಾರಾಯಣಖೇಡದ ರಸ್ತೆಯಲ್ಲಿ ಮಧ್ಯಾಹ್ನ ನಾಯಿ ಮಲಗಿದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಯಾರಿಗೂ ಗೊತ್ತಿಲ್ಲ.

ಒಂದು ದಿನ ಮಟಮಟ ಮಧ್ಯಾಹ್ನ. ಬೀಜದ ಕೋಣೆಗೆ ಬೀಗ ಹಾಕಿತ್ತು. ಅಂಜಮ್ಮನೂ ನಾನೂ ಎದುರಿನ ಕಟ್ಟೆಯ ಮೇಲೆ ತೊಗರಿ ಆರಿಸುತ್ತಿದ್ದೆವು. ಕರೆಂಟು ಬಂತು. ಕೋಣೆಯ ಒಳಗಿನಿಂದ ಯಾರೋ ಕೆಮ್ಮಿದರು. ಆಮೇಲೆ ಮಾತು ಕೇಳಿಸಿತು.

"ಕೇಳ್ರೆವ್ವಾ. ಎರಡೂ ಬಿಳಿಜೋಳನೇ. ನೋಡಾಕ ಅಕ್ಕತಂಗೇರು ಇದ್ದಂಗ. ಒಂದು ಎರಿದು, ಒಂದು ಮಸಾರಿದು. ಗುರುತು ಹ್ಯಾಂಗ ಹಿಡೀಬೇಕಂದ್ರ..."

ಅಷ್ಟೇ. ದನಿ ನಿಂತಿತು.

ಅಂಜಮ್ಮನ ಕೈಯಿಂದ ಮೊರ ಜಾರಿ ತೊಗರಿ ಚೆಲ್ಲಿತು. ನನ್ನ ಕಡೆ ತಿರುಗಿ "ಬಾಲಮಣವ್ವ, ನಮ್ಮವ್ವ!" ಅಂದಳು. ಶರಣಬಸಮ್ಮ ಸತ್ತು ನಾಲ್ಕು ತಿಂಗಳಾಗಿತ್ತು.

ಬೀಗ ತೆಗೆದು ನೋಡಿದೆವು. ಒಳಗೆ ಯಾರೂ ಇಲ್ಲ. ಕಂಪ್ಯೂಟರಿನ ಗಾಜಿನ ಮೇಲೆ ಅಂಜಮ್ಮ ತಾಯಿಯ ಹಸಿರು ಸೀರೆ ಹೊದಿಸಿ ಇಟ್ಟಿದ್ದಳು. ಆ ಸೀರೆಯ ಹಿಂದೆ ಬೆಳಕು ಇತ್ತು.

ಮಾರನೇ ದಿನವೂ ಹಾಗೇ ಆಯಿತು. ಕರೆಂಟು ಬಂದ ಕೂಡಲೇ ಕೆಮ್ಮು, ಅದೇ ಮಾತು, ಅದೇ ಜಾಗದಲ್ಲಿ ನಿಲ್ಲುವುದು. ಒಂದು ದಿನ ಐದು ಸಲ ಕರೆಂಟು ಬಂದು ಹೋಯಿತು. ಐದು ಸಲವೂ ಮುದುಕಿ ಹೇಳಲು ಶುರುಮಾಡಿ ಹೇಳದೆ ಬಿಟ್ಟಳು. ಆ ಓಣಿಯಲ್ಲಿ ಮಂದಿ ಓಡಾಡುವುದು ನಿಂತಿತು. ನೀರಿಗೆ ಹೋಗುವವರು ಸುತ್ತು ಹಾಕಿ ಹೋದರು.

ಅಂಜಮ್ಮನ ಗಂಡ ಮೊಗಲಪ್ಪ ಮನೆಯಳಿಯ. ಅವನು ಅಂದ, "ಸಿಟ್ಟಾಗ್ಯಾಳ. ಸಾಯೋ ಮುಂದ ಬಜ್ಜಿ ಬೇಡಿದ್ಲು, ನೀ ಮಾಡಿ ಹಾಕ್ಲಿಲ್ಲ. ಅದಕ್ಕೇ ಅರ್ಧಕ್ಕ ನಿಂದ್ರಸ್ತಾಳ."

"ನಾ ಮಾಡ್ಲಿಲ್ಲೋ, ನೀ ಎಣ್ಣಿ ತರ್ಲಿಲ್ಲೋ?" ಅಂದಳು ಅಂಜಮ್ಮ.

ಆದರೂ ಬಜ್ಜಿ, ರೊಟ್ಟಿ, ಪುಂಡಿಪಲ್ಯ ಮಾಡಿ ಕಂಪ್ಯೂಟರಿನ ಮುಂದೆ ಎಡೆ ಇಟ್ಟೆವು. ಊದುಬತ್ತಿ ಹಚ್ಚಿದೆವು. ನಾನೂ ಕೈ ಮುಗಿದು "ಶರಣಬಸೂ, ಹೇಳೇ ಮಾರಾಯ್ತಿ, ಬಿತ್ತೋ ಹೊತ್ತು ಮೀರ್ಲಾತದ" ಅಂದೆ. ಕರೆಂಟು ಬಂತು. ಕೆಮ್ಮಿದಳು. "ಗುರುತು ಹ್ಯಾಂಗ ಹಿಡೀಬೇಕಂದ್ರ..." ಎಂದು ನಿಂತಳು. ಅಂಜಮ್ಮ ಗೋಡೆಗೆ ಹಣೆ ಹಚ್ಚಿ ಅತ್ತಳು.

ನಮ್ಮ ಓಣಿಯ ಹುಡುಗಿ ಸ್ವರೂಪಾ ನಾರಾಯಣಖೇಡದ ಸಾಲೆಯಲ್ಲಿ ಕಂಪ್ಯೂಟರು ಕಲಿಸುತ್ತಾಳೆ. ಮುಷ್ಕರದಿಂದ ಸಾಲೆ ಮುಚ್ಚಿದ್ದರಿಂದ ಊರಿಗೆ ಬಂದಿದ್ದಳು. ಪಿತೃಪಕ್ಷ ಮುಗಿಯುವ ಪೆತ್ರ ಅಮಾವಾಸ್ಯೆಗೆ ಎರಡು ದಿನ ಇರುವಾಗ ಅವಳನ್ನು ಕರೆದೆವು. ಹೊಸ್ತಿಲಲ್ಲಿ ನಿಂತು ಎಡೆ ನೋಡಿದಳು, ಸೀರೆ ನೋಡಿದಳು. ನಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಕಾಕು, ಸೀರಿ ತೆಗೀಲೇನ್ರಿ?" ಎಂದು ಅಂಜಮ್ಮನನ್ನು ಕೇಳಿ, ಸೀರೆ ತೆಗೆದಳು. ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಓದಿ ಹೇಳಿದಳು, "ಅವ್ವ ಸಿಟ್ಟಾಗಿಲ್ರಿ. ಅವ್ವನ ಬಾಯಿ ಯಾರೋ ಕಟ್ಟ್ಯಾರ."

ಮೊಗಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಯಾರು? ಮಾಟ ಮಾಡಿಸ್ಯಾರೇನು?"

"ಮಾಟ ಅಲ್ಲ ಕಾಕಾ. ದನಿ ತುಂಬ್ಸಾಕ ಅಂಗಡ್ಯಾಂವ ಒಂದು ಪ್ರೋಗ್ರಾಮ್ ಹಾಕ್ಯಾನ. ಅದು ಒಂದು ತಿಂಗಳ ನೋಡ್ರಿ ಅಂತ ಕೊಟ್ಟದ್ದು. ತಿಂಗಳಾದ ಮ್ಯಾಲ ಪ್ರತಿ ದನೀನ ಸ್ವಲ್ಪೇ ಕೇಳಸ್ತದ. ಪೂರಾ ಕೇಳ್ಬೇಕಂದ್ರ ಆ ಕಂಪನಿಯವ್ರಿಂದ ಬೀಗದ ಕೈ ತಗೋಬೇಕು. ಆ ಕಂಪನಿ ಹೋದ ವರ್ಷನೇ ಬಾಗಿಲ ಹಾಕ್ಯದ."

"ಮತ್ತ ತಾನ ಮಾತಾಡ್ತದಲ್ಲ?"

"ಯಾರೋ ಗ್ವಾಡಿ ಸ್ವಿಚ್ ಹಾಕಿ ಹಾಂಗೇ ಬಿಟ್ಟೀರಿ, ಕರೆಂಟ್ ಬಂದ ಕೂಡ್ಲೆ ಚಾಲೂ ಆಗೋ ಹಾಂಗ ಮಾಡಿಟ್ಟಾರ. ಚಾಲೂ ಆದ್ರ ಕಡೀಗೆ ತೆಗೆದಿದ್ದ ದನೀನ ಮತ್ತ ತೆಗೀತದ. ಅಷ್ಟೇ."

ನನಗೆ ಆಗ ಹೆದರಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಸತ್ತವಳ ಬಾಯಿಯ ಬೀಗದ ಕೈ ಎಲ್ಲೋ ದೂರದಲ್ಲಿ ಇತ್ತಂತೆ, ಈಗ ಅಲ್ಲಿಯೂ ಯಾರೂ ಇಲ್ಲವಂತೆ. ದೆವ್ವ ಅಂದಾಗಲೂ ಬೆನ್ನು ಅಷ್ಟು ತಣ್ಣಗಾಗಿರಲಿಲ್ಲ.

ಸ್ವರೂಪಾ ಕಂಪ್ಯೂಟರಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ಒಳಗೆ ಒಣಗಿದ ಬೇವಿನ ಸೊಪ್ಪು, ಮುಷ್ಟಿ ಬೂದಿ.

"ಇದೇನ್ರಿ ಕಾಕು!"

"ಮಳಿಗಾಲಕ್ಕ ಕೆಡಬಾರದಂತ ನಾನೇ ಹಾಕೀನಿ. ಬೀಜಕ್ಕ ಹಾಕಿದಂಗ."

ಅವತ್ತು ಸ್ವರೂಪಾ ನಕ್ಕದ್ದು ಅಲ್ಲೊಂದೇ ಸಲ. ಕೋಳಿ ಪುಕ್ಕದಿಂದ ಬೂದಿ ಗುಡಿಸಿ ತೆಗೆದಳು. "ದೇವ್ರು ದೊಡ್ಡಾಂವ, ಸುಟ್ಟಿಲ್ಲ" ಅಂದಳು.

ಆಮೇಲೆ ಚೀಲದಿಂದ ಒಂದು ಡಿವಿಡಿ ತೆಗೆದಳು. "ಇದರಾಗ ಲಿನಕ್ಸ್ ಅಂತ ಅದ. ಇದು ಮುಕ್ತ ತಂತ್ರಾಂಶ. ಯಾರು ಬೇಕಾದ್ರೂ ತಗೋಬಹುದು, ಕಾಪಿ ಮಾಡಿ ಇನ್ನೊಬ್ಬರಿಗೆ ಕೊಡಬಹುದು. ಹ್ಯಾಂಗ ಮಾಡ್ಯಾರ ಅನ್ನೋದನ್ನೂ ಬಿಚ್ಚಿ ನೋಡಬಹುದು, ಬ್ಯಾಡಾದ್ದು ತಿದ್ದಬಹುದು. ಇಂಥ ಬೀಗದ ದನೀನೂ ತೆಗೆಯೋ ಪ್ರೋಗ್ರಾಮ್ ಯಾರೋ ಪುಣ್ಯಾತ್ಮರು ಬರ್ದು ಎಲ್ಲಾರಿಗೂ ಕೊಟ್ಟಾರ."

"ರೊಕ್ಕ?" ಅಂದ ಮೊಗಲಪ್ಪ.

"ಇಲ್ರಿ."

"ಫುಕಟ್? ಹಾಂಗಾದ್ರ ಬ್ಯಾಡ. ಫುಕಟ್ ಕೊಡಾಂವ ಒಳಗೇನರ ಮಸಲತ್ ಇಟ್ಟಿರ್ತಾನ. ಅಂಗಡ್ಯಾಂವನೂ ಫುಕಟ್ ಹಾಕಿ ಕೊಡ್ತೀನಂದಿದ್ದ, ಯಾರಿಗೂ ಹೇಳಬ್ಯಾಡ್ರಿ ಅಂದಿದ್ದ. ನಾಳೆ ಪೊಲೀಸ್ರು ಬಂದ್ರ?"

"ಆ ದನೀ ಪ್ರೋಗ್ರಾಮ್ ಬಿಟ್ರ ಅಂಗಡ್ಯಾಂವ ಹಾಕಿದ್ದೆಲ್ಲಾ ಕದ್ದ ಮಾಲು. ಅದಕ್ಕೇ ಹೇಳಬ್ಯಾಡ್ರಿ ಅಂದಾನ. ಇದನ್ನ ನೀವು ಸಂತ್ಯಾಗ ನಿಂತು ಕೂಗಿ ಹಂಚ್ರಿ, ಯಾರೂ ಕೇಳಂಗಿಲ್ಲ. ಮಾಡಿದವ್ರೇ ಹಂಚ್ರಿ ಅಂತ ಬರ್ದು ಕೊಟ್ಟಾರ."

"ಮಾಡಿದವ್ರಿಗೆ ಏನ್ ಬಂತು? ಹುಚ್ಚರೇನು?"

ಅಂಜಮ್ಮ ತಾಯಿಯ ಸೀರೆ ಮಡಚುತ್ತ ಕೂತಿದ್ದಳು. ಈಗ ಎದ್ದಳು. "ನಮ್ಮವ್ವ ನಲವತ್ತು ವರ್ಷ ಬೀಜ ಫುಕಟ್ ಕೊಟ್ಟಾಳ. ಆಕಿ ಹುಚ್ಚೀ? ಅದ್ರಾಗ ಏನ್ ಮಸಲತ್ ಇತ್ತು ಹೇಳು. ಅದನ್ನ ತಿಂದೇ ಈ ಮೀಸಿ ತಿರುವಿದಿ. ಒಯ್ದವ್ರು ತಂದು ಹಾಕ್ಯಾರ, ತಂದು ಹಾಕಿದ್ದು ಮತ್ತೊಬ್ರಿಗೆ ಹೋಗ್ಯದ. ಮೂರು ವರ್ಷದ ಹಿಂದ ನೀ ಪ್ಯಾಕೆಟ್ ಬೀಜ ತಂದಿ. ಮರುವರ್ಷ ಅದ್ರ ಕಾಳನ್ನೇ ಬಿತ್ತಿದ್ರ ಏನ್ ಬಂತು?"

ಮೊಗಲಪ್ಪ ಮೀಸೆ ಮುಟ್ಟಿಕೊಂಡ. "ಬರೇ ಸೊಪ್ಪಿ ಬಂತು, ಕಾಳಿಲ್ಲ" ಅಂದ.

"ಮತ್ತ ಸುಮ್ಕ ಕೂಡು. ಹಾಕವ್ವ ಸ್ವರೂಪಾ."

ಸ್ವರೂಪಾ ದಡಬಡ ಮಾಡಲಿಲ್ಲ. ಮೊದಲು ಒಳಗಿದ್ದ ದನಿಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿದಳು. "ಏನು ಮಾಡೋ ಮುಂದೂ ಮೊದ್ಲ ಇದನ್ನ ಮಾಡ್ಬೇಕು" ಅಂದಳು. ಆಮೇಲೆ ಡಿವಿಡಿ ಹಾಕಿದಳು. ಮಷಿನ್ನಿನಲ್ಲಿ ಇದ್ದದ್ದನ್ನು ಅಳಿಸದೆ, ಡಿವಿಡಿಯಿಂದಲೇ ನಡೆಸಿ ನೋಡಬಹುದಂತೆ. ಒಗ್ಗಿದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಡಿವಿಡಿ ತೆಗೆದು ಮನೆಗೆ ಒಯ್ಯುವುದು. ಬಣ್ಣ ಬದಲಾಯಿತು. ಗಾಜಿನ ಮೇಲೆ ಕನ್ನಡ ಅಕ್ಷರ ಬಂದವು. ಅಂಜಮ್ಮ ಒಂದೊಂದೇ ಕೂಡಿಸಿ ಓದಿದಳು.

ಹೊರಗೆ ಬಿಸಿಲು ಬೆಳ್ಳಗೆ ಸುರಿಯುತ್ತಿತ್ತು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಕರೆಂಟು ಯಾವ ಕ್ಷಣಕ್ಕಾದರೂ ಹೋಗಬಹುದು. ಸ್ವರೂಪಾ ಒತ್ತಿದಳು.

ಕೆಮ್ಮು. "ಕೇಳ್ರೆವ್ವಾ. ಎರಡೂ ಬಿಳಿಜೋಳನೇ..."

ಅಂಜಮ್ಮ ನನ್ನ ಕೈ ಹಿಡಿದಳು. ಉಗುರು ಚುಚ್ಚಿತು.

"...ಗುರುತು ಹ್ಯಾಂಗ ಹಿಡೀಬೇಕಂದ್ರ..."

ಮೊಗಲಪ್ಪ ಮಷಿನ್ನಿನ ಕಡೆ ಬಗ್ಗಿದ.

"...ಹಿಡಿ ಕಾಳು ಹಸಿ ಅರಿವ್ಯಾಗ ಕಟ್ಟಿ ಮೂರು ದಿನ ಇಡ್ರಿ. ಮೊಳಕಿ ಮೂತಿ ಕೆಂಪಗಾದ್ರ ಅದು ಮಸಾರಿದು. ಹಸರ ಇದ್ರ ಎರಿದು. ಅಂಜಮ್ಮಗ ಹೇಳೀನಂದ್ರ ಮರೀತಾಳ, ಆಕಿಗಿ ಮನಿ ಕೆಲಸೇ ಭಾಳ ಆಗ್ಯದ, ಪಾಪ."

ಅಂಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ದನಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಆಮೇಲೆ ಮೆಲ್ಲಗೆ ಕೇಳಿತು.

"ಯಾರದು ಬಾಗಲ್ದಾಗ? ಹೊರಗ್ಯಾಕ ನಿಂತೀದಿ? ಬಾ, ಒಳಗ ಬಾ."

ನಾಲ್ಕೂ ಜನ ಒಟ್ಟಿಗೆ ಬಾಗಿಲ ಕಡೆ ತಿರುಗಿದೆವು. ಬಾಗಿಲು ತೆರೆದಿತ್ತು. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಆಗಲೇ ಕರೆಂಟು ಹೋಯಿತು.

ಎಷ್ಟೋ ಹೊತ್ತಿನ ಮೇಲೆ ನನಗೆ ನೆನಪಾಯಿತು. ಮೃಣಾಲಿನಿ ಆ ದನಿ ತುಂಬಿಸಿದ ದಿನ ಮಜ್ಜಿಗೆ ಕೊಡಲು ಬಂದು ಆ ಹೊಸ್ತಿಲಲ್ಲಿ ನಿಂತಿದ್ದವಳು ನಾನೇ. ಮಾತು ಮುಗಿದ ಮೇಲೆ ಬಂದೆ. ನಾಲ್ಕು ಮಾತು ಮೊದಲು ಬಂದಿದ್ದರೆ ನನ್ನ ಕಿವಿಗೇ ಬೀಳುತ್ತಿತ್ತು. ಅದನ್ನು ಹೇಳಿದಾಗ ಮೊಗಲಪ್ಪ, "ನೀ ಮೊದ್ಲ ಹೇಳಬಾರದೇನವ್ವಾ, ನನ್ನ ಜೀವಾ ಹೋಗಿತ್ತಲ್ಲ" ಎಂದು ನೆಲದ ಮೇಲೆ ಕೂತುಬಿಟ್ಟ.

ಎರಡೂ ಗುಮ್ಮಿಯ ಕಾಳನ್ನು ಬೇರೆ ಬೇರೆ ಅರಿವೆಯಲ್ಲಿ ಕಟ್ಟಿ ಇಟ್ಟೆವು. ಮೂರನೇ ದಿನ ಬೆಳಿಗ್ಗೆ ಅಂಜಮ್ಮ ಬಿಚ್ಚಿದಳು. ಎಡಗೈಯ ಗಂಟಿನಲ್ಲಿ ಹಸಿರು ಮೊಳಕೆ. ಬಲಗೈಯ ಗಂಟಿನಲ್ಲಿ ಎಲ್ಲ ಕಾಳಿಗೂ ಕೆಂಪು ಮೂತಿ, ಕುಂಕುಮ ಮುಟ್ಟಿಸಿದ ಹಾಗೆ. ಹಸ್ತಾ ಮಳೆ ಮುಗಿಯುವುದರೊಳಗೆ ನಲವತ್ತು ಮನೆಯವರೂ ಸರಿಯಾದ ಬೀಜ ಒಯ್ದರು.

ಸಂಘದವರು ಕೂತು ಮಾತಾಡಿ, ಲಿನಕ್ಸನ್ನೇ ಮಷಿನ್ನಿನಲ್ಲಿ ಕಾಯಂ ಹಾಕಿಸಿದರು. ಎಲ್ಲ ಸಲೀಸಾಗಿ ಆಯಿತು ಅಂದರೆ ಸುಳ್ಳಾಗುತ್ತದೆ. ಪ್ರಿಂಟರು ಎರಡು ದಿನ ಮಾತು ಕೇಳಲಿಲ್ಲ. ಅಂಜಮ್ಮ ಹೊಸ ಗುಂಡಿಗಳನ್ನು ಕಲಿಯಲು ವಾರ ಹಿಡಿಯಿತು. ಗೊತ್ತಾಗದ್ದನ್ನು ಸ್ವರೂಪಾ ಫೋನು ಮಾಡಿ ಗೆಳತಿಯರಿಂದ ಕೇಳಿಕೊಂಡಳು. ಶರಣಬಸಮ್ಮನ ಎಲ್ಲ ದನಿಗಳನ್ನೂ ಯಾವ ಮಷಿನ್ನಾದರೂ ತೆಗೆಯುವಂಥ ಮುಕ್ತ ರೂಪಕ್ಕೆ ಬದಲಿಸಿ, ಮೂರು ಊರಿನಲ್ಲಿ ಮೂರು ಕಾಪಿ ಇಟ್ಟೆವು. ಮುಷ್ಕರ ಮುಗಿದು ಬಸ್ಸು ಬಿಟ್ಟ ಮೇಲೆ, ಮೊಗಲಪ್ಪ ಜೋಳಿಗೆಯಲ್ಲಿ ಹತ್ತು ಡಿವಿಡಿ ಹಾಕಿಕೊಂಡು ಜಹೀರಾಬಾದಿನ ಕಡೆಯ ಸಂಘಗಳಿಗೆ ಹೊರಟ. "ಫುಕಟ್ ಅದ, ಖರೆ ಮಾಲ ಅದ. ನೀವೂ ಹಂಚ್ರಿ" ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಹೇಳುತ್ತಿದ್ದನಂತೆ.

ತಂಗಿಯರೇ, ತಮ್ಮಂದಿರೇ, ನಿಮ್ಮ ಸಂಘದಲ್ಲೂ ಸಾಲೆಯಲ್ಲೂ ಕಂಪ್ಯೂಟರು ಇರಬಹುದು. ಅಂಗಡಿಯವನು ಗುಟ್ಟಾಗಿ ಹಾಕಿಕೊಡುವ ಕದ್ದ ಮಾಲಿಗೆ ಹೂಂ ಅನ್ನಬೇಡಿ. ಮುಕ್ತ ತಂತ್ರಾಂಶ ಹಾಕಿಕೊಡಿ ಎಂದು ಬಾಯಿಬಿಟ್ಟು ಕೇಳಿ. ಹತ್ತಿರದ ಸಾಲೆಯ ಕಂಪ್ಯೂಟರ್ ಟೀಚರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮೊದಲು ಡಿವಿಡಿಯಿಂದ ನಡೆಸಿ ನೋಡಿ, ಆಮೇಲೆ ಹಾಕಿಸಿ. ಇದ್ದದ್ದಕ್ಕೆ ಇನ್ನೊಂದು ಕಾಪಿ ಮಾಡದೆ ಏನನ್ನೂ ಮುಟ್ಟಬೇಡಿ. ಸಿಕ್ಕಿದ್ದನ್ನು ನಾಲ್ಕು ಜನಕ್ಕೆ ಹಂಚಿ.

ಮನೆಯ ಹಿರಿಯರ ಮಾತು, ಹಾಡು, ಔಷಧಿ, ಬೀಜದ ಗುರುತು ಮಷಿನ್ನಿಗೆ ತುಂಬಿಸುವ ದಿನ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಮೊದಲು ಕೇಳಿ. ನಿಮ್ಮ ಹತ್ತಿರ ಇಲ್ಲ ಅಂದರೆ, ಆ ಪೆಟ್ಟಿಗೆಯೊಳಗೆ ಅವರನ್ನು ಕೂರಿಸಬೇಡಿ.