ಪ್ರಕಾರ್ಯವಾದಕ್ಕೊಂದು ಉದಾಹರಣೆ

ಮಾರುತೇಶ ಚಳ್ಳಕೆರೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿಯಾಗಿ ಎಂಟು ವರ್ಷವಾಯಿತು. ಇಷ್ಟು ದಿನ ಯಾವ ಮನೆಯವರೂ ಅತಿಥಿಯನ್ನು ಇಟ್ಟುಕೊಳ್ಳುವುದಿಲ್ಲ, ಕಾಲೇಜು ಇಟ್ಟುಕೊಂಡಿತ್ತು. ಅವನಿಗೆ ಬಲು ಇಷ್ಟದ ಪಾಠ ಪ್ರಕಾರ್ಯವಾದ. ಸಮಾಜವೆಂದರೆ ಒಂದು ಮೈ ಇದ್ದಂತೆ, ಒಂದೊಂದು ಪದ್ಧತಿಯೂ ಒಂದೊಂದು ಅಂಗ, ಒಂದು ಪದ್ಧತಿ ಇನ್ನೂ ಉಳಿದಿದೆ ಎಂದರೆ ಅದರಿಂದ ಏನೋ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಇದನ್ನು ಹೇಳುವಾಗ ಅವನ ದನಿಗೆ ಎಲ್ಲಿಲ್ಲದ ಕಳೆ ಬರುತ್ತಿತ್ತು.

ಉದಾಹರಣೆಯೂ ಬಾಯಲ್ಲೇ ಇತ್ತು. "ನಮ್ಮ ಕಡೆ ಹಳ್ಳೀಲಿ ಸಾವಿನ ಸುದ್ದಿ ಹೇಳೋಕೆ ಅಂತ ಒಬ್ಬ ಇರ್ತಾನೆ. ಫೋನ್ ಬಂದ್ರೂ ಅವನು ಯಾಕೆ ಉಳಿದ? ಸುದ್ದಿ ಮುಟ್ಟಿಸೋದು ಮೇಲ್ನೋಟದ ಕೆಲಸ ಅಷ್ಟೆ. ಮುನಿಸಿಕೊಂಡ ನೆಂಟರನ್ನೂ ಒಂದು ಕಡೆ ಸೇರಿಸೋದು ಅದರ ಒಳಗಿನ ಕೆಲಸ." ಮಕ್ಕಳು ಬರೆದುಕೊಳ್ಳುತ್ತಿದ್ದರು. ಆ ಮನುಷ್ಯ ತನ್ನ ಅಪ್ಪ ಬೊಮ್ಮಲಿಂಗಪ್ಪ ಎಂದು ಮಾತ್ರ ಮಾರುತೇಶ ಎಂದೂ ಬಾಯಿ ಬಿಟ್ಟವನಲ್ಲ.

ಒಂದು ಟೆಸ್ಟಿನಲ್ಲಿ ಮುಂದಿನ ಬೆಂಚಿನ ಸೌಂದರ್ಯ ಇದೇ ಉದಾಹರಣೆ ಬರೆದು ಕೊನೆಗೆ ತನ್ನದೊಂದು ಸಾಲು ಸೇರಿಸಿದ್ದಳು: 'ಆದರೆ ಆ ಮನುಷ್ಯನಿಗೆ ಇದು ಬೇಕೋ ಬೇಡವೋ ಎಂದು ಯಾರೂ ಕೇಳಿಲ್ಲ.' ಅವನು ಆ ಸಾಲಿಗೆ ಕೆಂಪು ಗೆರೆ ಎಳೆದು, 'ಪ್ರಶ್ನೆಗೆ ಸಂಬಂಧವಿಲ್ಲ' ಎಂದು ಬರೆದು, ಹತ್ತಕ್ಕೆ ಒಂಬತ್ತು ಕೊಟ್ಟ.

ಅವರ ಊರು ಬಿ.ಜಿ. ಕೆರೆಯಿಂದ ಒಳಗೆ. ದೊಡ್ಡ ಮನೆತನದಲ್ಲಿ ಯಾರಾದರೂ ತೀರಿಕೊಂಡರೆ ಬೊಮ್ಮಲಿಂಗಪ್ಪ ನೆಂಟರ ಊರೂರಿಗೆ ಹೋಗಿ, ಅಂಗಳದಾಚೆ ನಿಂತು, ಬಾಯಾರೆ ಹೇಳಬೇಕು. ಫೋನಿನಲ್ಲಿ ಬಂದದ್ದು ಆ ಊರಿಗೆ ಸುದ್ದಿಯೇ ಅಲ್ಲ. ಬಾಯಿಸುದ್ದಿ ಮುಟ್ಟದೆ ಹೊರಟವರು ಕರೆಯದೆ ಬಂದವರು, ಅಂಥವರು ಗುಂಡಿಗೆ ಮಣ್ಣು ಹಾಕುವಂತಿಲ್ಲ. ಹಾಗಾಗಿ ಬೆಳಗಾಗುತ್ತಲೇ ವಾಟ್ಸಾಪಿನಲ್ಲಿ ಹೆಣದ ಫೋಟೋ ನೋಡಿ ಅತ್ತು ಮುಗಿಸಿದ ನೆಂಟರು, ಬಟ್ಟೆ ಉಟ್ಟುಕೊಂಡು, ಬಾಡಿಗೆ ಜೀಪು ನಿಲ್ಲಿಸಿಕೊಂಡು ಅವನಿಗಾಗಿ ಕಾಯುತ್ತಿದ್ದರು. ಅವನು ಹೇಳಿದ ಮೇಲೆ ಹೊಸದಾಗಿ ಅಳುತ್ತಿದ್ದರು. ಆಮೇಲೆ ಅವನ ಟವೆಲಿಗೆ ಒಂದು ಸೇರು ರಾಗಿ ಸುರಿದು, ಅವನದೇ ಊರಿಗೆ ಹೊರಟ ಜೀಪಿಗೆ ಅವನನ್ನು ಹತ್ತಿಸಿಕೊಳ್ಳದೆ ಹೋಗುತ್ತಿದ್ದರು. ನಾಚಿಕೆಯೆಂಬುದು ಆ ಜೀಪಿನಲ್ಲಿ ಯಾರಿಗೂ ಇರಲಿಲ್ಲ.

ಈ ಸಲ ಯುಗಾದಿ ಕಳೆದ ಮೇಲೆ ಬೊಮ್ಮಲಿಂಗಪ್ಪ ಊರಕಟ್ಟೆಯ ಮುಂದೆ ನಿಂತು ಕೈಮುಗಿದ. "ಎಪ್ಪತ್ತು ದಾಟೈತ್ರಿ. ಮಂಡಿ ಎರಡೂ ಹೋಗ್ಯಾವೆ. ಎಲ್ರತ್ರನೂ ಫೋನು ಐತಲ್ಲ, ನನ್ನ ಬಿಟ್ಟುಬಿಡ್ರಿ." ಹಿರಿಯರಿಗೂ ಹೌದೆನಿಸಿತು. ಅಮಾವಾಸ್ಯೆಗೆ ಕೂತು ತೀರ್ಮಾನ ಮಾಡೋಣ ಎಂದರು. ಆ ಹದಿನೈದು ದಿನ ಮುದುಕ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, ಬಿಡುಗಡೆ ಆದವನಂತೆ ನಗುನಗುತ್ತಾ ಇದ್ದ.

ಅದೇ ಹದಿನೈದು ದಿನದಲ್ಲಿ ಮಾರುತೇಶನ ಲೇಖನ ಚಿತ್ರದುರ್ಗದ ಒಂದು ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ವಿಚಾರ ಸಂಕಿರಣದಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದ್ದ ಪ್ರಬಂಧವದು. 'ಬಾಯಿಸುದ್ದಿಯವನಿಗೆ ಊರಿನಲ್ಲಿ ವಿಶಿಷ್ಟ ಸ್ಥಾನವಿದೆ. ಈ ಪದ್ಧತಿಯನ್ನು ಕಿತ್ತರೆ ಊರಿನ ಸಮತೋಲನ ಕೆಡುತ್ತದೆ' ಎಂದು ಅದರಲ್ಲಿ ಬರೆದಿದ್ದ. ಕಾಯಂ ಆಗಲು ಇಂಥವು ನಾಲ್ಕಾದರೂ ಬೇಕೆಂದು ಯಾರೋ ಹೇಳಿದ್ದರು. ಅಪ್ಪನನ್ನು ಒಂದು ಮಾತು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಅಮಾವಾಸ್ಯೆಯ ದಿನ ದೊಡ್ಡಗೌಡರ ಮೊಮ್ಮಗ ಗೋವರ್ಧನ ಕಟ್ಟೆಯ ಮೇಲೆ ಫೋನು ಹಿಡಿದು ಆ ಲೇಖನವನ್ನು ಗಟ್ಟಿಯಾಗಿ ಓದಿದ. "ಕೇಳ್ರಪ್ಪ, ಲೆಕ್ಚರರ್ರೇ ಬರೆದವ್ರೆ. ಇದನ್ನ ಕಿತ್ರೆ ಊರು ಕೆಡ್ತೈತಂತೆ. ಓದಿದ ಮಗನೇ ಹಿಂಗಂದ ಮ್ಯಾಲೆ ಬಿಡ್ಸೋಕೆ ನಾವ್ಯಾರು?"

ಅಪ್ಪನ ಪಕ್ಕ ನಿಂತಿದ್ದ ಮಾರುತೇಶ ಒಂದು ಹೆಜ್ಜೆ ಮುಂದೆ ಬಂದ. "ಅದು ಹಂಗಲ್ಲ ಗೋವರ್ಧನ. ಅದು ಥಿಯರಿ."

"ಥಿಯರಿ ಅಂದ್ರೆ ಸುಳ್ಳೇನ್ರಿ ಸಾರ್?"

ಸುಳ್ಳು ಎಂದರೆ ಪ್ರಬಂಧ ಹೋಗುತ್ತದೆ, ನಿಜ ಎಂದರೆ ಅಪ್ಪ ಹೋಗುತ್ತಾನೆ. ಅಷ್ಟರಲ್ಲಿ ಹಿರಿಯರು ಮೇಲೆದ್ದು ಟವೆಲು ಕೊಡವಿದ್ದರು. ತೀರ್ಮಾನ ಆಗಿಹೋಗಿತ್ತು.

ಮನೆಗೆ ಬಂದ ಮೇಲೆ ಬೊಮ್ಮಲಿಂಗಪ್ಪ ಬೈಯಲಿಲ್ಲ. ಬೈದಿದ್ದರೆ ಮಗನಿಗೆ ಎಷ್ಟೋ ಹಗುರಾಗುತ್ತಿತ್ತು. "ನೀ ಬರೆದಿದ್ದು ನಂಗೆ ತಿಳೀಲಿಲ್ಲ ಕಣಪ್ಪ," ಎಂದ. "ಏನೋ ಸ್ಥಾನ ಐತೆ ಅಂದಿದ್ದೀಯಲ್ಲ, ಅದ್ಯಾವುದು? ಅಂಗಳದಾಚೆದೇನಾ?"

ತಿಂಗಳು ತುಂಬುವುದರೊಳಗೆ ದೊಡ್ಡಗೌಡರು ತೀರಿಕೊಂಡರು. ಬೊಮ್ಮಲಿಂಗಪ್ಪನ ಮಂಡಿ ಊದಿಕೊಂಡು ಎರಡು ದಿನದಿಂದ ಹಾಸಿಗೆ ಬಿಟ್ಟಿರಲಿಲ್ಲ. ಗೋವರ್ಧನ ಬಾಗಿಲಾಚೆಯೇ ನಿಂತು, "ಯಾರಾದ್ರೂ ಹೋಗ್ಲಿ, ನಿಮ್ಮನೆಯೋರಾದ್ರೆ ಸೈ," ಎಂದು ಹೇಳಿ ಹೋದ. ಮುದುಕ ಗೋಡೆ ಹಿಡಿದು ಎದ್ದ, ಎರಡು ಹೆಜ್ಜೆ ಇಟ್ಟ, ಅಲ್ಲೇ ಕುಸಿದ. ಅವನನ್ನು ಎತ್ತಿ ಮಲಗಿಸಿ ಮಾರುತೇಶ ಗೂಟದ ಮೇಲಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡ. ಅಪ್ಪ ಬೇಡವೆನ್ನುತ್ತಾನೆಂದು ಒಂದು ಗಳಿಗೆ ಕಾದ. ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ.

ಮೊದಲ ಮನೆ ನನ್ನಿವಾಳದ ಆಚೆ, ಗೌಡರ ತಂಗಿ ನಿಂಗಕ್ಕನದು. ಜೀಪು ಆಗಲೇ ನಿಂತಿತ್ತು. ಮನೆಮಂದಿಯೆಲ್ಲ ಬಟ್ಟೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ಅಂಗಳದಾಚೆ ನಿಂತು ಅವನು ಬಾಯಿ ತೆರೆಯುವುದಕ್ಕೂ, ಒಳಗಿನಿಂದ ಬಂದ ಹುಡುಗಿಯೊಬ್ಬಳು ಅವನನ್ನು ನೋಡುವುದಕ್ಕೂ ಸರಿಹೋಯಿತು. ಸೌಂದರ್ಯ.

"ಅಯ್ಯೋ, ಸಾರ್! ಹೊರಗ್ಯಾಕೆ ನಿಂತ್ರಿ, ಬರ್ರಿ ಒಳಗೆ!" ಎನ್ನುತ್ತಾ ಅವಳು ಕುರ್ಚಿ ಎಳೆದಳು.

ನಿಂಗಕ್ಕ ಅವನ ಹೆಗಲ ಟವೆಲು ನೋಡಿದಳು. "ಕುರ್ಚಿ ಯಾಕೆ ಬಿಡೇ. ನೀನು ಬೊಮ್ಮಲಿಂಗನ ಮಗನೇನಪ್ಪಾ? ಹೇಳು, ಹೊತ್ತಾಗ್ತೈತೆ."

ಸೌಂದರ್ಯಳ ಕೈ ಕುರ್ಚಿಯ ಮೇಲೇ ಉಳಿಯಿತು. ನೂರು ಮಕ್ಕಳ ಮುಂದೆ ಗಂಟೆಗಟ್ಟಲೆ ಮಾತಾಡುವವನು ಆರು ಜನರ ಮುಂದೆ ನಾಲ್ಕು ಮಾತಿಗೆ ತಡವರಿಸಿದ. "ದೊಡ್ಡಗೌಡ್ರು ತೀರಿಕೊಂಡ್ರು. ಮಣ್ಣಿಗೆ ಬರಬೇಕಂತೆ." ಜಗಲಿಯ ಮೇಲೆ ಅಳು ಶುರುವಾಯಿತು. ಸೌಂದರ್ಯ ಅಳಲಿಲ್ಲ.

ಸೆರಗಿನಲ್ಲಿ ಮೂಗು ಒರೆಸಿಕೊಂಡು ನಿಂಗಕ್ಕ ರಾಗಿಯ ಸೇರನ್ನು ಮೊಮ್ಮಗಳ ಕೈಗೆ ಕೊಟ್ಟಳು. "ಮೇಲಿಂದ ಹಾಕು, ಮುಟ್ಟಬ್ಯಾಡ."

ಹುಡುಗಿ ಬಂದು ಅವನೆದುರು ನಿಂತಳು. ಸೇರನ್ನು ಬಗ್ಗಿಸದೆ ಹಾಗೇ ಹಿಡಿದುಕೊಂಡಳು. "ಸಾರ್," ಎಂದಳು ಮೆಲ್ಲಗೆ, "ನಿಮಗೆ ಇಷ್ಟ ಇತ್ತಾ?"

ಅವನು ಕೆಂಪು ಗೆರೆ ಎಳೆದ ಪ್ರಶ್ನೆಯೇ ಅದು. ಇಷ್ಟು ವರ್ಷದಲ್ಲಿ ಅಪ್ಪನನ್ನು ಯಾರೂ ಕೇಳದ ಪ್ರಶ್ನೆ, ತಾನೂ ಕೇಳದ ಪ್ರಶ್ನೆ. ಅವನ ಕಣ್ಣು ತುಂಬಿತು. ಜಗಲಿಯಿಂದ ಆರು ಜನ ನೋಡುತ್ತಿದ್ದರು, ಜೀಪಿನವನು ಹಾರ್ನ್ ಹೊಡೆಯುತ್ತಿದ್ದ.

"ಬೇಗ ಹಾಕಮ್ಮ," ಎಂದ ಮಾರುತೇಶ. "ಇನ್ನೂ ಮೂರು ಊರಿಗೆ ಹೋಗ್ಬೇಕು." ಟವೆಲು ಒಡ್ಡಿದ.